ಕನ್ನಡಿ ಪಾಲಿಶಿನ ಮೆಟ್ಟಿಲು

ಕಾಡಿನ ಚೆಂದ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಜಲಪಾತ, ಸುತ್ತ ಹಸಿರು, ಮೇಲೆ ಮಂಜು ಮುಸುಕಿದ ಗುಡ್ಡ. ನೋಡಿ ಆಹಾ ಅನ್ನುತ್ತಾರೆ. ಆ ಚಿತ್ರದಲ್ಲಿ ರಕ್ತ ಹೀರುವ ಉಂಬಳ ಕಾಣುವುದಿಲ್ಲ. ಕೊಳೆತ ಎಲೆಯ ನಾತ ಬರುವುದಿಲ್ಲ. ಬಂಡೆಯ ಮೇಲೆ ಯಾವನೋ ಉಗುಳಿ ಹೋದ ಎಲೆ ಅಡಿಕೆಯ ಕೆಂಪು ಬಿದ್ದಿರುವುದಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ನಾನು ಹತ್ತಿರದಿಂದ, ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು, ತಿಂಗಳಿಗೂ ಮಿಕ್ಕಿ ನೋಡಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಇಳಕಲ್ಲಿನ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಮೇಸ್ತ್ರಿ. ನಮ್ಮ ಸಾವ್ಕಾರರ ಅಳಿಯ ಹುಬ್ಬಳ್ಳಿಯಲ್ಲಿ ಗುತ್ತಿಗೆ ಹಿಡಿಯುವ ಮನುಷ್ಯ. ಅಳಿಯ ಮನೆ ತೊಳೆಯ ಅನ್ನುತ್ತಾರೆ, ಈತ ತೊಳೆಯುವುದಿರಲಿ, ಮಾವನ ಮನೆಯ ಕಲ್ಲನ್ನೂ ಕೆಲಸದವರನ್ನೂ ಹೊತ್ತುಕೊಂಡು ಹೋಗಲಿಕ್ಕೆ ಬಂದಿದ್ದ. ಘಟ್ಟದ ಒಂದು ಕಾಡಿಗೆ ಹೊಸದಾಗಿ ರಾಷ್ಟ್ರೀಯ ಉದ್ಯಾನ ಅಂತ ಹೆಸರು ಬಂದಿತ್ತು. ಜೀಪಿನ ದಾರಿ ಮುಗಿಯುವಲ್ಲಿಂದ ಜಲಪಾತದ ಬುಡದವರೆಗೆ ಕಲ್ಲಿನ ಮೆಟ್ಟಿಲು, ಕೆಳಗೆ ನಿಂತು ನೋಡಲಿಕ್ಕೆ ಒಂದು ಕಟ್ಟೆ. ಇದು ಅವನು ಹಿಡಿದ ಕೆಲಸ. ಮಂತ್ರಿಗಳು ಉದ್ಘಾಟನೆಗೆ ಬರುವವರಿದ್ದರು.

"ಬರೇ ಕಲ್ಲು ಹಾಸಿದ್ರ ಯಾರ್ ಕೇಳ್ತಾರ?" ಅಂದ ಅಳಿಯ. "ಇಳಕಲ್ಲ ಕೆಂಪು ಕಲ್ಲು ಅಂದ್ರ ಏನಂತ ಇಡೀ ಘಟ್ಟಕ್ಕ ಗೊತ್ತಾಗಬೇಕು. ಮಂತ್ರಿಗಳು ಇಳಿಯೂ ಮುಂದ ಅವರ ಮಾರಿ ಅವರಿಗೆ ಮೆಟ್ಟಿಲದಾಗ ಕಾಣಬೇಕ್ರಿ ಮೇಸ್ತ್ರಿ. ಕನ್ನಡಿ ಪಾಲಿಶ್ ಹೊಡೀರಿ."

ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು. ಕನ್ನಡಿ ಪಾಲಿಶ್ ನನ್ನ ಕೈಯ ಕೆಲಸ. ಮೊದಲು ಒರಟು ಸಾಣೆ, ಆಮೇಲೆ ಅದಕ್ಕಿಂತ ನಯವಾದದ್ದು, ಹೀಗೆ ಸಾಣೆ ಬದಲಿಸುತ್ತ ನೀರು ಬಿಡುತ್ತ ತಿಕ್ಕಬೇಕು. ಒಂದು ಸಾಣೆಯ ಗೆರೆ ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಕೈ ಹಾಕಬಾರದು. ಅವಸರ ಮಾಡಿದರೆ ಕೊನೆಯಲ್ಲಿ ಎಷ್ಟು ತಿಕ್ಕಿದರೂ ಆ ಗೆರೆ ಒಳಗಿನಿಂದ ಹಲ್ಲು ಕಿರಿಯುತ್ತದೆ. ಕಟ್ಟಕಡೆಗೆ ಬಿಳಿ ಪುಡಿ ಹಾಕಿ ಉಣ್ಣೆಯ ಗಾದಿಯಿಂದ ಉಜ್ಜಿದರೆ, ಕಲ್ಲಿನ ಒಳಗೆ ದೀಪ ಹಚ್ಚಿದ ಹಾಗೆ ಕೆಂಪು ಏಳುತ್ತದೆ. ಮುಗಿದ ಕಲ್ಲನ್ನು ಪರೀಕ್ಷೆ ಮಾಡುವ ಪದ್ಧತಿ ನಮ್ಮ ಕಾರ್ಖಾನೆಯಲ್ಲಿ ಒಂದೇ. ಸಾವ್ಕಾರರು ಬಂದು ಕಲ್ಲಿನ ಮುಂದೆ ಬಗ್ಗಿ ಟೋಪಿ ಸರಿಮಾಡಿಕೊಳ್ಳುತ್ತಾರೆ. ಟೋಪಿ ನೆಟ್ಟಗೆ ಕೂತರೆ ಕಲ್ಲು ಪಾಸು.

ಎಲ್ಲ ಕಲ್ಲೂ ಪಾಸಾದವು. ಆದರೆ ಅವು ನೀರಿನಲ್ಲಿ ನಿಲ್ಲುವ ಕಲ್ಲು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಇಳಕಲ್ಲಿನವರಿಗೆ ಆ ಮಾತು ಹೊಳೆಯುವುದಾದರೂ ಹೇಗೆ? ನಮ್ಮಲ್ಲಿ ಅಂಗಡಿಯ ಮುಂದಿನ ಮೆಟ್ಟಿಲಿಗೆ ಪಾಲಿಶ್, ಮಠದ ಕಟ್ಟೆಗೆ ಪಾಲಿಶ್. ಬೆಳಗ್ಗೆ ಕೊಡ ನೀರು ಸುರಿದು ತೊಳೆದರೆ ಕಸಬರಿಗೆ ಕೆಳಗಿಡುವುದರೊಳಗೆ ಬಿಸಿಲು ಆ ನೀರನ್ನು ಕುಡಿದಿರುತ್ತದೆ. ಕಲ್ಲಿನ ಮೇಲೆ ಜಾರಿ ಬಿದ್ದವನ ಕತೆ ನಮ್ಮ ಊರಿನಲ್ಲಿ ನಾನು ಕೇಳಿದ್ದೇ ಇಲ್ಲ.

ಹುನಗುಂದ, ಬಾಗಲಕೋಟೆ, ಹುಬ್ಬಳ್ಳಿ ದಾಟಿ ಲಾರಿ ಘಟ್ಟಕ್ಕೆ ಬಿತ್ತು. ಕಲ್ಲುಗಳ ನಡುವೆ ಹುಲ್ಲು ತುರುಕಿ, ಮುಖಕ್ಕೆ ಮುಖ ಜೋಡಿಸಿ, ಕೂಸಿನ ಹಾಗೆ ತಂದೆವು. ನನ್ನ ಜೊತೆಗೆ ನಮ್ಮ ಕಾಕಾ ಇದ್ದ. ರಕ್ತಸಂಬಂಧವಲ್ಲ, ಬಾದಾಮಿ ಕಡೆಯ ಹಾಲುಮತದ ಮುದುಕ, ಎಲ್ಲರಿಗೂ ಕಾಕಾ. ಬೀರಪ್ಪನ ಭಕ್ತ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ದೇವರ ಅರಿಸಿನ ಭಂಡಾರದ ಚೀಲ. ಹಿಂದೆ ಊರೂರು ತಿರುಗಿ, ಸವೆದು ನುಣ್ಣಗಾದ ಬೀಸುಕಲ್ಲಿಗೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಟಾಕಿ ಹೊಡೆದು ಮತ್ತೆ ಒರಟು ಮಾಡಿಕೊಡುತ್ತಿದ್ದವನು. ಹಿಟ್ಟಿನ ಗಿರಣಿ ಬಂದ ಮೇಲೆ ಆ ಕೆಲಸ ನಿಂತು ನಮ್ಮ ಕಾರ್ಖಾನೆಗೆ ಬಂದಿದ್ದ. ಅಂಚು ಕೆತ್ತುವುದು, ಕಲ್ಲು ಕೂರಿಸುವುದು ಅವನ ಪಾಲು. ಹೊರುವ ಕೂಲಿಯವರು ಘಟ್ಟದ ಕಡೆಯವರೇ.

ದಸರೆ ಮುಗಿದಿತ್ತು, ಅಲ್ಲಿ ಮಳೆ ಮುಗಿದಿರಲಿಲ್ಲ. ಲಾರಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದೇನೆ, ಪಾದದ ಸಂದಿಯಲ್ಲಿ ಏನೋ ತಣ್ಣಗೆ. ನೋಡಿದರೆ ದಾರದಷ್ಟು ತೆಳ್ಳಗಿನದೊಂದು ಹುಳ ನನ್ನ ರಕ್ತ ಕುಡಿದು ಹುಣಸೆ ಬೀಜದಷ್ಟು ಉಬ್ಬಿದೆ. ನಮ್ಮ ಕಡೆಯ ಹೊಂಡದ ಜಿಗಣಿ ನೀರಿನಲ್ಲಾದರೂ ಇರುತ್ತದೆ. ಈ ಉಂಬಳ ಎಲೆಯ ಮೇಲೆ ನಿಂತು, ತಲೆ ಎತ್ತಿ, ನಾವು ಬರುವುದನ್ನೇ ಕಾಯುತ್ತದೆ. ಕಿತ್ತರೆ ಬೆರಳಿಗೆ ಅಂಟುತ್ತದೆ, ಬೆರಳಿನಿಂದ ಕಿತ್ತರೆ ಇನ್ನೊಂದು ಬೆರಳಿಗೆ. ವಾಕರಿಕೆ ಬಂದು ಅಲ್ಲೇ ಕುಕ್ಕರಿಸಿದೆ. ಕುಕ್ಕರಿಸಿದಲ್ಲಿ ಇನ್ನೆರಡು ಹತ್ತಿದವು.

"ತಂಬಾಕ ಸುಣ್ಣ ಕಲಸಿ ಹಚ್ಚಿಕೋ ತಮ್ಮಾ" ಅಂದ ಕಾಕಾ. ಅವನು ಆಗಲೇ ಹಚ್ಚಿಕೊಂಡಿದ್ದ. ಅದರ ನಾತ ಉಂಬಳಕ್ಕಿಂತ ಅಸಹ್ಯ.

ಬಟ್ಟೆ ಒಣಗಲಿಲ್ಲ. ಹಾಸಿಗೆಗೆ ಬೂಷ್ಟು. ನಾನು ಬೆಳಗ್ಗೆ ಲಿಂಗಪೂಜೆಗೆ ಕೂತರೆ ವಿಭೂತಿಯ ಗಟ್ಟಿ ಬೆರಳಿಗೆ ಕೆಸರಿನ ಹಾಗೆ ಬರುತ್ತಿತ್ತು. ಕಾಕಾನ ಭಂಡಾರ ಚೀಲದೊಳಗೇ ನೆನೆದು ಹೋಳಿಗೆಯ ಹೂರಣವಾಗಿತ್ತು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ರೊಟ್ಟಿಗೆ. ಮನೆಯಿಂದ ಕಟಕ್ ರೊಟ್ಟಿ ಗಂಟು ಕಟ್ಟಿ ತಂದಿದ್ದೆವು. ನಮ್ಮೂರಲ್ಲಿ ತಿಂಗಳು ಇಟ್ಟರೂ ಮುರಿದರೆ ಪಟ್ ಅನ್ನುವ ರೊಟ್ಟಿ, ಅಲ್ಲಿ ಮೂರನೆಯ ದಿನಕ್ಕೆ ಒದ್ದೆ ಅರಿವೆಯ ಹಾಗೆ ಜೋತುಬಿತ್ತು. ಆಮೇಲೆ ಹಸಿರು ಕೂದಲು ಬಂತು. ಕಾಕಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಜ್ವಾಳಕ್ಕ ಸೈತ ಇಲ್ಲಿ ಗಡ್ಡ ಬರ್ತೈತಲ್ಲೋ" ಅಂದ.

ಕಾಡು ಚೆಂದವಿರಲಿಲ್ಲವೇ ಅಂದರೆ, ಇತ್ತು. ಮಂಜು ಸರಿದಾಗ ಗುಡ್ಡದ ತಲೆಯ ಮೇಲೆ ಬರೀ ಹುಲ್ಲು, ಅದರ ಮಡಿಲುಗಳಲ್ಲಿ ಕಪ್ಪು ಕಾಡು. ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಚಕ್ಕಡಿ ಬಂದಂತೆ ಕೇಳುತ್ತಿತ್ತು. ಮರದ ತುದಿಯಲ್ಲಿ ಬೆಕ್ಕಿನಷ್ಟು ದೊಡ್ಡ ಕೆಂದಳಿಲು. ಜಲಪಾತವಂತೂ ಗುಡ್ಡದ ಎದೆಯಿಂದ ಒಮ್ಮೆಲೆ ಬಿದ್ದು ಕೆಳಗೆ ಹಸಿರು ಮಡುವಾಗಿ, ಅಲ್ಲಿಂದ ಬಂಡೆಗಳ ಸಂದಿಯಲ್ಲಿ ಹಳ್ಳವಾಗಿ ಹರಿಯುತ್ತಿತ್ತು. ಇಷ್ಟು ಚೆಂದದ ಜಾಗಕ್ಕೆ ಬಂದ ಮನುಷ್ಯರು ಅಲ್ಲಿ ಏನು ಬಿಟ್ಟುಹೋಗುತ್ತಿದ್ದರು ಅನ್ನುವುದೇ ನನ್ನ ಹೇಸಿಗೆ. ಭಾನುವಾರ ವ್ಯಾನುಗಳು ಬರುತ್ತಿದ್ದವು. ಮಡುವಿನಲ್ಲಿ ಕೋಳಿಯ ಪುಕ್ಕ ತೊಳೆಯುವವರು, ಬಂಡೆಗೆ ಬಾಟಲಿ ಹೊಡೆದು ಪೌರುಷ ತೋರಿಸುವವರು, ಬಣ್ಣದ ಡಬ್ಬಿ ತಂದು ತನ್ನ ಹೆಸರನ್ನೂ ಪ್ರಿಯತಮೆಯ ಹೆಸರನ್ನೂ ಬಂಡೆಗೆ ಬಳಿಯುವವರು. ಮರದ ಹಿಂದೆ ಹೋಗಿ ಮಾಡಬೇಕಾದ್ದನ್ನು ದಾರಿಯ ಮೇಲೆಯೇ ಮಾಡುವವರು. ಬಾದಾಮಿಯ ಗುಹೆಗಳಲ್ಲೂ ಇದೇ ಜಾತಿಯ ಜನರನ್ನು ಕಂಡಿದ್ದೆ. ಅಲ್ಲಿ ಹೊಲಸು ಒಣಗುತ್ತದೆ, ಇಲ್ಲಿ ಬೆಳೆಯುತ್ತದೆ. ಅಷ್ಟೇ ವ್ಯತ್ಯಾಸ.

ಆ ಮಡುವಿನ ನೀರನ್ನೇ ಕುಡಿಯುವ ಒಂದು ಮನೆ ಅಲ್ಲಿತ್ತು. ಜೀಪಿನ ದಾರಿ ಮುಗಿಯುವಲ್ಲಿ, ನಮ್ಮ ಶೆಡ್ಡಿನ ಪಕ್ಕದಲ್ಲಿ, ಫಾರೆಸ್ಟ್ ಗಾರ್ಡಿನ ಮನೆ. ಗಾರ್ಡು ಹಗಲೆಲ್ಲ ಕಾಡು ತಿರುಗುತ್ತಿದ್ದ. ಅವನ ಹೆಂಡತಿ ದಿನಕ್ಕೆ ಮೂರು ನಾಲ್ಕು ಸಲ ತಲೆಯ ಮೇಲೆ ಒಂದು ಕೊಡ, ಸೊಂಟದಲ್ಲಿ ಒಂದು ಕೊಡ ಇಟ್ಟುಕೊಂಡು ಕೆಳಗಿಳಿದು ನೀರು ತರುತ್ತಿದ್ದಳು. ಬಸುರಿ ಬೇರೆ, ದಿನ ತುಂಬುತ್ತ ಬಂದಿತ್ತು. ಅವಳ ದಾರಿ ಅಂದರೆ ಮಣ್ಣಿನ ಇಳಿಜಾರಿನಲ್ಲಿ ಅಡ್ಡಡ್ಡ ಹರಡಿದ್ದ ಮರದ ಬೇರುಗಳು. ಒಂದೊಂದು ಬೇರೂ ಒಂದೊಂದು ಮೆಟ್ಟಿಲು. ಬರಿಗಾಲಿನಲ್ಲಿ ಬೇರಿನಿಂದ ಬೇರಿಗೆ ಕಾಲಿಟ್ಟು, ಎತ್ತಲೋ ನೋಡುತ್ತ ಇಳಿಯುತ್ತಿದ್ದಳು.

ನಮ್ಮ ನಕ್ಷೆಯಲ್ಲಿ ಮೆಟ್ಟಿಲು ಬರುವುದು ಅದೇ ದಾರಿಯ ಮೇಲೆ. ಬೇರೆ ಕಡೆ ಕಡಿದಾದ ಬಂಡೆ. ಬೇರು ಕಡಿದೆವು. ಕೊಡಲಿ ಬಿದ್ದಾಗ ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಒಳ್ಳೇದೇ ಆಯ್ತು ಬಿಡಿ ಮೇಸ್ತ್ರಿಗಳೇ, ಕಲ್ಲಿನ ಮೆಟ್ಲಾದ್ರೆ ನಂಗೂ ಸಲೀಸು" ಅಂದಳು. ನಮಗೆ ಬಿಸಿನೀರು ಕಾಯಿಸಿ ಕೊಟ್ಟಳು.

ಕೆಲಸ ಸುರುವಿನಿಂದಲೇ ಕೈಕೊಡತೊಡಗಿತು. ಮೇಲಿನಿಂದ ಕೆಳಗೆ ಬರುವ ನೀರಿಗೆ ಮೊದಲು ಪಕ್ಕದಲ್ಲಿ ಕಾಲುವೆ ತೋಡಬೇಕು, ಆಮೇಲೆ ಬುಡದ ಕಲ್ಲು, ಅದರ ಮೇಲೆ ಗಚ್ಚು, ಗಚ್ಚಿನ ಮೇಲೆ ಪಾಲಿಶ್ ಕಲ್ಲು. ಗಚ್ಚು ಹಾಕಿದ ಸಂಜೆಗೇ ಮಳೆ ಬಂದು ಸಿಮೆಂಟಿನ ಹಾಲೆಲ್ಲ ತೊಳೆದು ಹಳ್ಳಕ್ಕೆ ಒಯ್ದಿತು. ಬೆಳಗ್ಗೆ ಕಲ್ಲು ಎತ್ತಿದರೆ ಕೆಳಗೆ ಬರೀ ಉಸುಕು. ತಾಡಪತ್ರಿ ಕಟ್ಟಿದೆವು. ಗಾಳಿ ಅದನ್ನು ಹರಿಯಿತು. ಕೊನೆಗೆ ಬಿದಿರಿನ ಚಪ್ಪರ ಹಾಕಿ, ಅದರ ಮೇಲೆ ತಾಡಪತ್ರಿ ಬಿಗಿದು, ಚಪ್ಪರವನ್ನೇ ಮೆಟ್ಟಿಲಿನಿಂದ ಮೆಟ್ಟಿಲಿಗೆ ಬೆಳೆಸುತ್ತ ಬಂದೆವು. ಬುಡದಿಂದ ಮೇಲಕ್ಕೆ ಕಟ್ಟುತ್ತ ಬರಬೇಕು, ಕಲ್ಲು ಮಾತ್ರ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಹಗ್ಗಕ್ಕೆ ಬಿಗಿದು, ಬಿದಿರಿಗೆ ನೇತುಹಾಕಿ, ನಾಲ್ವರು ಹೆಗಲು ಕೊಟ್ಟು ಇಳಿಸುವುದು. ಹೊತ್ತವರ ಕಾಲಿಗೆ ಉಂಬಳ ಹತ್ತಿದರೂ ಕೈ ಬಿಡುವಂತಿಲ್ಲ. ರಕ್ತ ಸುರಿಯುತ್ತಲೇ ಇಳಿಸುತ್ತಿದ್ದರು. ಕಲ್ಲಿನ ಮೇಲೆ ಬಿದ್ದ ಆ ರಕ್ತವನ್ನು ನಾನು ಅರಿವೆಯಿಂದ ಒರೆಸುತ್ತಿದ್ದೆ. ಕೆಂಪಿನ ಮೇಲೆ ಕೆಂಪು, ಸುಲಭಕ್ಕೆ ಕಾಣುತ್ತಲೂ ಇರಲಿಲ್ಲ.

ಚಪ್ಪರದ ಕೆಳಗೆ ಇರುವ ತನಕ ಎಲ್ಲ ಸರಿ ಇತ್ತು. ಒಣಗಿದ ಕಲ್ಲು, ಅದರ ಮೇಲೆ ನಾವು ಓಡಾಡುತ್ತಿದ್ದೆವು. ಕೊನೆಯ ಕಲ್ಲು ಕೂತ ದಿನ ಚಪ್ಪರ ಕಿತ್ತೆವು. ಕೆಳಗಿನಿಂದ ಮೇಲಿನ ತನಕ ಕೆಂಪು ಮೆಟ್ಟಿಲು, ಪ್ರತಿಯೊಂದರಲ್ಲೂ ಮರಗಳ ನೆರಳು ತಲೆಕೆಳಗಾಗಿ ನಿಂತಿತ್ತು. ನನ್ನ ಕಣ್ಣೇ ತಾಗೀತು ಅನ್ನುವಷ್ಟು ಚೆಂದ. ಒಂದು ಗಳಿಗೆ ಉಂಬಳವನ್ನೂ ಮರೆತೆ.

ಮಳೆಯ ಮಾತು ಬಿಡಿ, ಜಲಪಾತದ ತುಂತುರೇ ಸಾಕು. ಮರುದಿನ ಬೆಳಗ್ಗೆ ಎಲ್ಲ ಮೆಟ್ಟಿಲುಗಳ ಮೇಲೆ ನೀರಿನ ಪದರ. ಎರಡು ಮೂರು ದಿನಕ್ಕೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪಾಚಿ. ಕಾಕಾ ಕಟ್ಟೆಯ ಸಂದಿಗೆ ಸಿಮೆಂಟು ತುಂಬಲು ಬುಟ್ಟಿ ಹಿಡಿದು ಇಳಿದ. ಮೂರು ಮೆಟ್ಟಿಲು ಇಳಿದಿರಬಹುದು. ಕೂಗುವುದಕ್ಕೂ ಹೊತ್ತು ಸಿಗಲಿಲ್ಲ. ಕಾಲು ಮುಂದಕ್ಕೆ ಹಾರಿ, ಬೆನ್ನ ಮೇಲೆ ಬಿದ್ದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಡಿಯುತ್ತ ಕೆಳಗಿನ ತನಕ ಹೋದ. ನಾನು ಅವನ ಹಿಂದೆ ಓಡಲಿಲ್ಲ, ಓಡಲು ಆಗಲಿಲ್ಲ. ಕೂತುಕೊಂಡು, ಅಂಡು ಊರಿ, ಒಂದೊಂದೇ ಮೆಟ್ಟಿಲು ತೆವಳುತ್ತ ಇಳಿದೆ. ನಾನೇ ಕನ್ನಡಿ ಮಾಡಿದ ಕಲ್ಲಿನ ಮೇಲೆ ಮುದುಕಿಯ ಹಾಗೆ ತೆವಳಿದೆ.

"ಕೈ ಹೋತ್ ನೋಡೋ ತಮ್ಮಾ" ಅಂದ ಕಾಕಾ. ಬಲಗೈಯ ಮಣಿಕಟ್ಟು ಸೊಟ್ಟಗೆ ತಿರುಗಿತ್ತು. ತಲೆಗೆ ಏಟಾಗಿರಲಿಲ್ಲ. ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದಕ್ಕೆ ತಲೆ ಉಳಿಯಿತು. ಗಾರ್ಡು ಜೀಪು ತರಿಸಿ ದವಾಖಾನೆಗೆ ಒಯ್ದ. ಕೈಗೆ ಸುಣ್ಣದ ಕಟ್ಟು ಹಾಕಿ ಕಳಿಸಿದರು.

ಅಳಿಯನಿಗೆ ಹೇಳಿ ಕಳಿಸಿದೆ. ಬಂದ. ಹೊಸ ಚರ್ಮದ ಬೂಟು, ಕೊಡೆ ಹಿಡಿಯಲಿಕ್ಕೆ ಒಬ್ಬ. ಮೆಟ್ಟಿಲಿನ ತುದಿಯಲ್ಲಿ ನಿಂತು ಕೆಳಗೆ ನೋಡಿದ. ಇಳಿಯಲಿಲ್ಲ.

"ಏನ್ ಪಾಲಿಶ್ರಿ ಮೇಸ್ತ್ರಿ! ಭಾಳ ಚಲೋ ಆಗೇತಿ."

"ಪಾಲಿಶ್ ಚಲೋ ಐತ್ರಿ. ಕಾಲ್ ನಿಲ್ಲವಲ್ದು. ಕಾಕಾನ ಕೈ ಮುರೀತು. ಇದರ ಮ್ಯಾಲೆ ಟಾಕಿ ಹೊಡೀಬೇಕ್ರಿ, ಇಲ್ಲಾಂದ್ರ ಯಾರರೆ ಸಾಯ್ತಾರ."

"ಟಾಕಿ?" ನನ್ನ ಮುಖಕ್ಕೆ ಉಗುಳಿದ ಹಾಗೆ ನೋಡಿದ. "ಅದ ಮಾಡೂದಿದ್ರ ಹೊಲದಾಗಿನ ಕಲ್ಲ ತರ್ತಿದ್ದೆ. ಮಂತ್ರಿಗಳ ಚಿಂತಿ ನಿಮಗ ಬ್ಯಾಡ. ಅವರು ಬರೂ ದಿನ ಮ್ಯಾಲಿನಿಂದ ತಳದ ತನಾ ಕೆಂಪು ಜಮಖಾನಿ ಹಾಸಸ್ತೀನಿ. ಅಂಚಿಗೆ ಅಷ್ಟಷ್ಟು ಕಲ್ಲು ಹೊಳೀತೈತಿ, ಫೋಟೋಕ್ಕ ಅಷ್ಟ ಸಾಕು."

"ಜಮಖಾನಿ ಹಾಸಿದ್ರ ಮಾರಿ ಹೆಂಗ ಕಾಣ್ತೈತ್ರಿ?" ಅಂದೆ.

ಅವನಿಗೆ ಕುಟುಕು ತಟ್ಟಲಿಲ್ಲ. "ಫೋಟೋದಾಗ ಕಾಣ್ತೈತಿ" ಅಂದ.

"ಅವರು ಹೋದ ಮ್ಯಾಲ?"

"ಜಮಖಾನಿ ಬಾಡಿಗಿದ್ದು. ಸುತ್ತಿ ಒಯ್ಯೂದು. ಆಮ್ಯಾಲ ಯಾರ್ ಬೀಳ್ತಾರ, ಯಾರ್ ಏಳ್ತಾರ, ನಮಗೇನು? ಬಿಲ್ಲು ಆಗಿರ್ತೈತಿ."

ಉಂಬಳ ಕಂಡು ವಾಕರಿಕೆ ಬಂದಿತ್ತು, ಬೂಷ್ಟು ಹಿಡಿದ ರೊಟ್ಟಿ ಕಂಡು ಬಂದಿತ್ತು. ಆದರೆ ಈ ಮಾತು ಕೇಳಿ ಬಂದ ಹೇಸಿಗೆ ಬೇರೆ. ಮಂತ್ರಿಗೆ ಜಮಖಾನೆ, ಉಳಿದವರಿಗೆ ಪಾಲಿಶ್. ಹೊರಗೆ ಥಳಕು ಒಳಗೆ ಹುಳುಕು ಅನ್ನುವ ಗಾದೆಯನ್ನು ಮನುಷ್ಯರ ಬಗ್ಗೆ ಕೇಳಿದ್ದೆ. ಇಲ್ಲಿ ಕಲ್ಲಿಗೂ ಅದೇ ಹೆಸರು ತಂದಿದ್ದೆವು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಗಾರ್ಡಿನ ಹೆಂಡತಿ, ಅವನ ಜೀಪು ಹೋದ ಮೇಲೆ ನನ್ನ ಹತ್ತಿರ ಬಂದಳು. ಕಾಕಾ ಬಿದ್ದ ದಿನದಿಂದ ಅವಳು ಮೆಟ್ಟಿಲು ಮುಟ್ಟಿರಲಿಲ್ಲ. ಪಕ್ಕದ ಮುಳ್ಳುಕಂಟಿಗಳ ನಡುವೆ, ಕಾಲುವೆಯ ಕೆಸರಿನಲ್ಲಿ, ಒಂದು ಕೈಯಲ್ಲಿ ಗಿಡ ಹಿಡಿದುಕೊಂಡು ಒಂದೇ ಕೊಡ ತರುತ್ತಿದ್ದಳು. ಕಾಲೆಲ್ಲ ಗೀರು, ಗೀರಿನ ಮೇಲೆ ಉಂಬಳ.

"ಹಾಸು ಸುತ್ಕೊಂಡು ಹೋದ ಮೇಲೆ ನಾ ಎಲ್ಲಿ ಇಳಿಯೂದು?" ಅಂದಳು. "ನನ್ನ ಬೇರು ಕಡಿದ್ರಲ್ಲ ಮಾರಾಯ್ರೆ."

ಅವಳು ಜಗಳ ಆಡಿದ್ದರೆ ನಾನೂ ಏನಾದರೂ ಅಂದು ಬಿಡುತ್ತಿದ್ದೆ. ಅವಳು ಜಗಳ ಆಡಲಿಲ್ಲ. ಉತ್ತರಕ್ಕೆ ಕಾಯುತ್ತ ನಿಂತಳು.

ಮೊದಲು ಪಾಲಿಶ್ ಉಳಿಸಿಕೊಂಡೇ ದಾರಿ ಹುಡುಕಿದೆ. ಉಸುಕು ಬೆರೆಸಿದ ಸಿಮೆಂಟಿನ ಗಂಜಿಯನ್ನು ಪಟ್ಟಿಪಟ್ಟಿಯಾಗಿ ಎಳೆದೆ. ಕನ್ನಡಿಗೆ ಸಿಮೆಂಟು ಎಲ್ಲಿ ಹಿಡಿಯುತ್ತದೆ, ಒಂದೇ ಮಳೆಗೆ ಸಿಪ್ಪೆಯಂತೆ ಎದ್ದು ಬಂತು. ಪಕ್ಕದಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದೆ. ಭಾನುವಾರದ ಗಿರಾಕಿಗಳು ಆ ಹಗ್ಗವನ್ನು ಬಿಚ್ಚಿ ಮರಕ್ಕೆ ಜೋಕಾಲಿ ಕಟ್ಟಿಕೊಂಡರು. ಅವತ್ತು ಅವರಲ್ಲೊಬ್ಬ ಜಾರಿ ಮೊಣಕಾಲು ಒಡೆದುಕೊಂಡ. ಉಳಿದವರು ಚಪ್ಪಾಳೆ ತಟ್ಟಿ ನಕ್ಕರು. ಆಮೇಲೆ ಅದೇ ಆಟವಾಯಿತು, ಒಬ್ಬೊಬ್ಬರೇ ಕೂತು ಜಾರುವುದು. ಥೂ ಅಂತ ಒಳಗೆ ಬಂದು ಕೂತೆ.

ಉಳಿದದ್ದು ಉಳಿಯೊಂದೇ. ಅಳಿಯ ಉದ್ಘಾಟನೆಯ ತಯಾರಿಗೆ ಹುಬ್ಬಳ್ಳಿಯಲ್ಲಿದ್ದ, ಹಿಂದಿನ ದಿನದ ತನಕ ಬರುವವನಲ್ಲ. ಹೊಡೆಯುವುದಿದ್ದರೆ ಈಗಲೇ. ಆದರೆ ಪಾಲಿಶಿನವನ ಕೈಗೆ ಉಳಿ ಬರುವುದಿಲ್ಲ, ಬರಬಾರದು. ನಮ್ಮಲ್ಲಿ ಪಾಲಿಶ್ ಮುಗಿದ ಕಲ್ಲಿನ ಹತ್ತಿರ ಉಳಿ ಇಟ್ಟರೂ ಬೈಯುತ್ತಾರೆ. ಬಾಯಿಬಿಟ್ಟು ಹೇಳುತ್ತೇನೆ, ಆ ಕಲ್ಲುಗಳ ಮೇಲೆ ನನಗೆ ಪ್ರೀತಿ ಇತ್ತು. ಸಾವ್ಕಾರರು ಕೆಲಸದಿಂದ ತೆಗೆದಾರು ಎಂಬ ಭಯವೂ ಇತ್ತು. ಇಳಕಲ್ಲಿನಲ್ಲಿ ಒಂದು ಕಾರ್ಖಾನೆ ಬಿಡಿಸಿದವನನ್ನು ಇನ್ನೊಂದು ಕಾರ್ಖಾನೆ ಕಾರಣ ಕೇಳದೆ ಒಳಗೆ ಬಿಡುವುದಿಲ್ಲ. ಕಾರಣ ಏನು ಹೇಳಲಿ? ಮಾಡಿದ ಪಾಲಿಶ್ ನಾನೇ ಕೆಡಿಸಿದೆ ಅಂತಲೇ?

"ಕಾಕಾ, ಏನ್ ಮಾಡೂಣು?" ಅಂದೆ.

ಕಾಕಾ ಕಟ್ಟು ಹಾಕಿದ ಕೈಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಕೂತಿದ್ದ. "ಬೀಸೂ ಕಲ್ಲು ನುಣ್ಣಗಾದ್ರ ಹಿಟ್ಟ ಕೊಡೂದಿಲ್ಲಪಾ. ಅದಕ್ಕ ಹೊಡದ್ರ ಕಲ್ಲು ಕೆಟ್ಟಂಗಲ್ಲ" ಅಂದ. "ನನ್ನ ಕೈ ನೆಟ್ಟಗ ಇದ್ದಿದ್ರ ನಿನ್ನ ಕೇಳ್ತಿದ್ದಿಲ್ಲ, ಹೊಡದ ಬಿಡ್ತಿದ್ದೆ. ಈಗ ನಿನ್ನ ಕೈ ಬೇಕು. ಹೊಡೀತಿಯೋ, ಇಲ್ಲಾ ಆಕಿ ಬೀಳೂ ತನಾ ನೋಡ್ತಿಯೋ?"

ಹೊರಗೆ ನೋಡಿದೆ. ಗಾರ್ಡಿನ ಹೆಂಡತಿ ಕಂಟಿಗಳ ನಡುವಿಂದ ಮೇಲೆ ಬರುತ್ತಿದ್ದಳು. ಕೊಡ ಕೆಳಗಿಟ್ಟು, ಹೊಟ್ಟೆಯ ಮೇಲೆ ಕೈ ಇಟ್ಟು, ಉಸಿರು ತೆಗೆದುಕೊಳ್ಳುತ್ತಿದ್ದಳು. ನಾನು ಎದ್ದು ಕಾಕಾನ ಉಳಿಗಳ ಚೀಲ ತೆಗೆದುಕೊಂಡೆ.

ಮೊದಲ ಪೆಟ್ಟು ನನ್ನ ಹಲ್ಲಿಗೆ ಬಿದ್ದಂತಾಯಿತು. ಕೆಂಪು ಕನ್ನಡಿಯ ಮೇಲೆ ಬಿಳಿ ಚುಕ್ಕೆ. ಎರಡನೆಯದು, ಮೂರನೆಯದು. ಮೈಲಿ ಬೇನೆ ಎದ್ದ ಮುಖದ ಹಾಗೆ. ಕಾಕಾ ಪಕ್ಕದಲ್ಲಿ ಕಂಬಳಿ ಹಾಸಿ ಕೂತು ಹೇಳುತ್ತಿದ್ದ: "ಉಳಿ ನೆಟ್ಟಗ ಹಿಡೀಬ್ಯಾಡ, ತುಸು ಮಲಗಿಸು. ಜೋರ್ ಬ್ಯಾಡ, ಚಕ್ಕಿ ಏಳ್ತೈತಿ. ಸುತ್ತಿಗಿ ತನ್ನ ಭಾರಕ್ಕ ತಾ ಬೀಳ್ಲಿ. ಅಂಚಿಗಿ ಒತ್ತೊತ್ತಾಗಿ ಹೊಡಿ, ಕಾಲು ಹೋಗೂದು ಅಂಚಿನ್ಯಾಗ." ಸಾಲುಗಳು ಇಳಿಜಾರಿಗೆ ಅಡ್ಡವಾಗಿ ಬರಬೇಕು, ನೀರು ನಿಲ್ಲದಂತೆ ತುಸು ಓರೆಯಾಗಿ ಕಾಲುವೆಯ ಕಡೆಗೆ ತಿರುಗಿರಬೇಕು. ಮೊದಮೊದಲು ನನ್ನ ಸಾಲುಗಳು ಕುಡುಕನ ನಡಿಗೆಯ ಹಾಗೆ ಹೋದವು. ಉಳಿಯ ಮೊನೆ ಮೇಲಿಂದ ಮೇಲೆ ಮೊಂಡಾಗುತ್ತಿತ್ತು. ಗಾರ್ಡಿನ ಒಲೆಯಲ್ಲೇ ಕಾಯಿಸಿ, ತಟ್ಟಿ, ನೀರಿಗದ್ದಿ ಮತ್ತೆ ಹದ ಮಾಡಿಕೊಂಡೆವು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಕಲ್ಲಿನ ಪುಡಿ ಒದ್ದೆಯಾಗಿ ಕೆಂಪು ರಾಡಿಯಾಗಿ ಮೈಗೆಲ್ಲ ಮೆತ್ತಿಕೊಂಡಿತು. ಕೂತು ಮಾಡುವ ಕೆಲಸವಾದ್ದರಿಂದ ಉಂಬಳಗಳಿಗೆ ಹಬ್ಬ. ಅಷ್ಟು ಹೊತ್ತಿಗೆ ನಾನು ಅವನ್ನು ಕೀಳುವುದನ್ನೂ ಬಿಟ್ಟಿದ್ದೆ. ಕುಡಿದು ತಾವಾಗಿ ಬೀಳಲಿ ಅಂತ ಬಿಡುತ್ತಿದ್ದೆ. ಅದೂ ಒಂದು ಹೇಸಿಗೆಯೇ, ಹೇಸಿಗೆಗೆ ಒಗ್ಗಿಹೋಗುವುದು.

ಕೊನೆಯ ಮೆಟ್ಟಿಲಿಗೆ ಬಂದಾಗ ಉದ್ಘಾಟನೆಯ ಹಿಂದಿನ ಮಧ್ಯಾಹ್ನ. ಅಳಿಯ ಜಮಖಾನೆಯ ಸುರುಳಿಗಳೊಂದಿಗೆ ಬಂದಿಳಿದ. ನೋಡಿದವನ ಬಾಯಿಂದ ಹೊರಟದ್ದನ್ನು ಬರೆಯುವಂತಿಲ್ಲ. ನನ್ನ ಅವ್ವ ಅಪ್ಪ ಇಬ್ಬರೂ ಅದರಲ್ಲಿದ್ದರು. ಜನ ನೋಡುತ್ತಿದ್ದರೆಂದು ಹಲ್ಲು ಕಚ್ಚಿ, "ಕಾರ್ಯಕ್ರಮ ಆಗಲಿ, ಆಮ್ಯಾಲ ನಿನ್ನ ನೋಡ್ತೇನಿ" ಅಂದ. ಜಮಖಾನೆಯನ್ನು ಈ ಬದಿಯಿಂದ ಆ ಬದಿಗೆ ಪೂರ್ತಿ ಮುಚ್ಚುವಂತೆ ಹಾಸಿಸಿದ. ಅಂಚಿಗೂ ಕಲ್ಲು ಕಾಣಲಿಲ್ಲ.

ಮಂತ್ರಿಗಳು ಬಂದರು. ಅವರ ಜೊತೆ ಬಂದವರೇ ಒಂದು ಜಾತ್ರೆಯಷ್ಟು. ಹಾರ, ತುರಾಯಿ, ಕ್ಯಾಮೆರಾ. ಇಳಿದು ಕಟ್ಟೆಯ ಮೇಲೆ ನಿಂತಾಗ ಮಂಜು ಬಂದು ಜಲಪಾತವನ್ನೇ ನುಂಗಿತ್ತು. ಸದ್ದು ಬಿಟ್ಟರೆ ಏನೂ ಇಲ್ಲ. ಮಂತ್ರಿಗಳು ಆ ಬಿಳಿ ಮಂಜನ್ನೇ ನೋಡಿ "ಬಹಳ ಸುಂದರ" ಅಂದರು. ಸುತ್ತಲಿದ್ದವರೆಲ್ಲ ಹೌದು ಹೌದು ಅಂದರು. ಕಾಲ ಕೆಳಗಿನ ಕಲ್ಲು ಎಲ್ಲಿಯದು ಅಂತ ಯಾರೂ ಕೇಳಲಿಲ್ಲ. ಮೇಲೆ ಊಟವಾಯಿತು. ಎಲೆಗಳನ್ನು ಮೇಲಿನಿಂದಲೇ ಹಳ್ಳಕ್ಕೆ ಎಸೆದರು. ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಎಲೆ ಅಡಿಕೆ ಹಾಕಿಕೊಂಡು ಮೆಟ್ಟಿಲಿನ ಎರಡೂ ಬದಿಗೆ ಉಗುಳಿದರು. ಕಾರುಗಳು ಹೊರಟವು. ಬಾಡಿಗೆಯವರು ಜಮಖಾನೆ ಸುತ್ತಿಕೊಂಡು ಹೋದರು.

ಅಷ್ಟರಲ್ಲಿ ಮಳೆ ಬಂತು, ಹನಿ ಒಂದೊಂದೂ ಕವಡಿಯಷ್ಟು. ನಾನು ಕೆಳಗೆ ಮಡುವಿನ ಅಂಚಿನಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಎಂಜಲೆಲೆ ಎತ್ತಿ ದಂಡೆಗೆ ಹಾಕುತ್ತಿದ್ದೆ. ಅನ್ನದ ಅಗುಳು, ಕಚ್ಚಿ ಬಿಟ್ಟ ಮೆಣಸಿನಕಾಯಿ, ಯಾರದೋ ಬಾಯಿಯ ಉಗುಳು ನನ್ನ ಬೆರಳಿಗೆ ಬರುತ್ತಿತ್ತು. ಮೇಲೆ ಮಂತ್ರಿಗಳ ಕೊನೆಯ ಕಾರನ್ನು ಕೈಮುಗಿದು ಕಳಿಸಿದ ಅಳಿಯ ನನ್ನನ್ನು ಕಂಡ. ಕೊಡೆ ಬಿಸುಟು, ಬೈಯುತ್ತ, ಎರಡೆರಡು ಮೆಟ್ಟಿಲು ಹಾರುತ್ತ ಇಳಿಯತೊಡಗಿದ. ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಕಾಲಲ್ಲಿ ಅದೇ ಹೊಸ ಚರ್ಮದ ಬೂಟು.

ಬೀಳಲಿ ಅಂತ ಬಯಸಿದೆ. ಖರೆ ಹೇಳುತ್ತೇನೆ, ಮನಸಾರೆ ಬಯಸಿದೆ. ಕಾಕಾ ಉರುಳಿದಂತೆ ಈ ಹೊಲಸು ಮನುಷ್ಯ ಉರುಳಿ ಬಂದು ಈ ಎಂಜಲಿನಲ್ಲಿ ಬೀಳಲಿ. ಒಂದು ಬೂಟು ಅಂಚಿನ ಮೇಲೆ ಬಿದ್ದಾಗ ಕೈಯಲ್ಲಿದ್ದ ಎಲೆ ಬಿಟ್ಟು ನೋಡಿದೆ. ಬೂಟು ಅಲ್ಲೇ ಕಚ್ಚಿ ನಿಂತು, ಮುಂದಿನ ಮೆಟ್ಟಿಲಿಗೆ ಹೋಯಿತು. ಅದೂ ನಿಂತಿತು. ಹೀಗೆ ಕೆಳಗಿನ ತನಕ ಒಂದು ಕೂದಲಿನಷ್ಟೂ ಜಾರದೆ ಬಂದು, ಕೊನೆಯ ಮೆಟ್ಟಿಲ ಮೇಲೆ ನೆಟ್ಟಗೆ ನಿಂತು, ಹಿಂದಕ್ಕೆ ಕೈ ಮಾಡಿ ತೋರಿಸಿದ.

"ನೋಡು ಏನ್ ಮಾಡಿಟ್ಟಿ! ಈ ಕಲ್ಲು ಇನ್ನ ಯಾತಕ್ಕ ಬಂತು?"

ಅವನ ಬೆನ್ನ ಹಿಂದೆ ಗಾರ್ಡಿನ ಹೆಂಡತಿ ಆಗಲೇ ಅರ್ಧ ಇಳಿದು ಬಂದಿದ್ದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ, ಕಣ್ಣು ಎತ್ತಲೋ. ಬಂದವಳು ಅವನ ಹಿಂದೆ ನಿಂತು ಹೇಳಿದಳು:

"ಸ್ವಲ್ಪ ಬದಿಗೆ ಸರೀರಿ ಮಾರಾಯ್ರೆ, ನೀರು ತರೂದಿದೆ."